ತೊಟ್ಟಿಲು ಹೊತ್ತ ಮಾಸ್ಕ್ವಿಚ್

ಇಷ್ಟಕ್ಕೆಲ್ಲ ಕಾರಣ ಫೋನಿನಲ್ಲಿ ಆಡಿದ ಒಂದು ಮಾತು. ಬುಧವಾರ ಸಂಜೆ ಕೋಕಂದಿನಿಂದ ಬೀಗ ಸಾದಿಕ್ ಎರ್ಗಶನಿಗೆ ಫೋನು ಮಾಡಿ, "ಶನಿವಾರ ತೊಟ್ಟಿಲು ತರೋಕೆ ನಾನೇ ಒಂದು ವ್ಯಾನು ಕಳಿಸ್ಲಾ ಕುದಾ?" ಎಂದು ಕೇಳಿದ. ನಮ್ಮಲ್ಲಿ ಬೀಗರು ಒಬ್ಬರನ್ನೊಬ್ಬರು ಕುದಾ ಎಂದೇ ಕರೆಯುವುದು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದ. ಎರ್ಗಶ್ "ಆಗಲಿ, ಕಳಿಸಿ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾಲಿಗೆ ಅವನನ್ನು ಕೇಳದೆಯೇ ಹೊರಟುಬಿಟ್ಟಿತು.

"ಬೇಡ ಬೇಡ ಕುದಾ. ನಾವು ನಮ್ಮ ಕಾರಲ್ಲೇ ಬರ್ತೀವಿ."

ಫೋನು ಇಟ್ಟ ಮೇಲೆ ಅಂಗಳಕ್ಕೆ ಬಂದು ಆ 'ನಮ್ಮ ಕಾರ'ನ್ನು ನೋಡಿದ. ದ್ರಾಕ್ಷಿ ಚಪ್ಪರದ ಕೆಳಗೆ, ಅರ್ಧ ಮೈ ಬಿಸಿಲಿಗೆ ಕೊಟ್ಟು, ಹದಿನೇಳು ವರ್ಷದಿಂದ ನಿಂತಿದ್ದ ಹಳೇ ರಷ್ಯನ್ ಮಾಸ್ಕ್ವಿಚ್. ಅವನಿಗಿಂತ ಮೂರೇ ವರ್ಷ ಚಿಕ್ಕದು. ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಮುಂದಿನ ಗಾಜಿನ ಒಳಗೆ ಅವನ ಹೆಂಡತಿ ಸನೋಬರ್ ಹರಡಿದ್ದ ಏಪ್ರಿಕಾಟ್ ಒಣಗುತ್ತಿತ್ತು. ನೊಣ ಇಲ್ಲ, ಧೂಳಿಲ್ಲ; ಇಡೀ ಕೇರಿಯಲ್ಲಿ ಅಂಥ ಏಪ್ರಿಕಾಟ್ ಇನ್ನೊಬ್ಬರ ಮನೆಯಲ್ಲಿ ಸಿಗುತ್ತಿರಲಿಲ್ಲ. ದ್ರಾಕ್ಷಿ ಬಳ್ಳಿಯಂತೂ ಮೂತಿಯ ಜಾಲರಿಯಲ್ಲಿ ಒಳಹೊಕ್ಕು, ಇಂಜಿನ್ನನ್ನು ಒಂದು ಸುತ್ತು ತಬ್ಬಿಕೊಂಡು, ಚಕ್ರದ ಪಕ್ಕದಲ್ಲಿ ಹೊರಬಂದು ಒಂದು ಗೊಂಚಲು ಬಿಟ್ಟಿತ್ತು.

"ಕಾರಲ್ಲೇ ಬರ್ತೀವಿ ಅಂದ್ರಾ?" ಎಂದಳು ಬಾಗಿಲಲ್ಲಿ ನಿಂತಿದ್ದ ಸನೋಬರ್.

"ಅಂದೆ."

"ಕೋಳಿಗೂ ಒಂದು ಮಾತು ಹೇಳಿಬಿಡಿ ಹಾಗಾದ್ರೆ."

ಎರ್ಗಶನಿಗೆ ಮಾತು ತಪ್ಪುವ ಭಯಕ್ಕಿಂತ ದೊಡ್ಡದೊಂದು ಮನಸ್ಸಿನಲ್ಲಿತ್ತು. ಮಗಳು ಲೋಲಾಳ ಮದುವೆಯಾದ ಮೇಲೆ ಸನೋಬರ್ ಕೋಕಂದಿಗೆ ಹೋದದ್ದು ಎರಡೇ ಸಲ. ಎರಡು ಸಲವೂ ಶೇರ್ ಟ್ಯಾಕ್ಸಿಯ ಹಿಂದಿನ ಸೀಟಿನ ನಡುವೆ, ಮಡಿಲಲ್ಲಿ ರೊಟ್ಟಿಯ ಗಂಟು, ಎರಡೂ ಪಕ್ಕೆಗೆ ಯಾರದೋ ಮೊಣಕೈ. ಎರಡನೇ ಸಲ ಇಳಿದಾಗ ಬೀಗಿತ್ತಿ ತನ್ನ ತಲೆವಸ್ತ್ರದ ತುದಿಯಿಂದಲೇ ಅವಳ ಹಣೆ ಒರೆಸಿ, "ಪಾಪ, ಎಷ್ಟು ಕಷ್ಟಪಟ್ಟು ಬಂದಿದ್ದೀರಿ" ಎಂದಿದ್ದಳು. ಪ್ರೀತಿಯಿಂದ ಒರೆಸಿದ್ದು. ಎರ್ಗಶನಿಗೆ ಮಾತ್ರ ಅದು ಕಪಾಳಕ್ಕೆ ಬಿದ್ದ ಹಾಗಾಗಿತ್ತು. ಒಂದೇ ಒಂದು ಸಲ ಅವಳು ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು ಹೋಗಿ ಬೀಗರ ಬಾಗಿಲಲ್ಲಿ ಇಳಿಯಬೇಕು. ಅಷ್ಟೇ ಅವನ ಆಸೆ.

ಸನೋಬರಳ ಆಸೆ ಬೇರೆ. ಮೊಮ್ಮಗನನ್ನು ಅವಳು ನೋಡಿದ್ದು ಆಸ್ಪತ್ರೆಯ ಗಾಜಿನ ಆಚೆಯಿಂದ, ಒಂದೇ ಸಲ. ಮುಖಕ್ಕಿಂತ ಟೊಪ್ಪಿಗೆಯೇ ಹೆಚ್ಚು ಕಂಡಿತ್ತು. ಹೆಣ್ಣು ಕೊಟ್ಟ ತಾಯಿ ಕಾರಣವಿಲ್ಲದೆ ಮಗಳ ಮನೆ ಬಾಗಿಲಿಗೆ ಹೋದರೆ ಜನ ಆಡಿಕೊಳ್ಳುತ್ತಾರೆ. ಮಗುವಿಗೆ ನಲವತ್ತು ದಿನ ತುಂಬುವಾಗ ತವರಿನವರು ತೊಟ್ಟಿಲು ಒಯ್ಯುವುದು ಒಂದು ಕಾರಣ. ಇದು ಮುಗಿದರೆ ಮುಂದಿನ ಕಾರಣ ಹುಟ್ಟುವಷ್ಟರಲ್ಲಿ ಮಗು ಓಡಾಡುತ್ತಿರುತ್ತದೆ. ಇದನ್ನು ಅವಳು ಯಾರ ಮುಂದೆಯೂ ಹೇಳಿರಲಿಲ್ಲ. ತೊಟ್ಟಿಲಿನ ಜೊತೆ ಹೋಗುವ ಹಾಸಿಗೆ, ಬಟ್ಟೆ, ಮಿಠಾಯಿ ತಟ್ಟೆಗಳಿಗೆಲ್ಲ ಕೆಂಪು ರಿಬ್ಬನ್ ಕಟ್ಟುತ್ತ ಕೂತಿದ್ದಳು.

ನಮ್ಮ ರಿಶ್ತಾನ್ ಕುಂಬಾರರ ಊರು. ಕೇರಿಯವರೆಲ್ಲ ಜೇಡಿಮಣ್ಣು ತಿರುಗಿಸುತ್ತಿದ್ದರೆ ಎರ್ಗಶನೊಬ್ಬ ರೇಡಿಯೋ ಗುಂಡಿ ತಿರುಗಿಸಿಕೊಂಡು ಬದುಕಿದವನು. ರಿಪೇರಿಗೆ ಬರುವ ರೇಡಿಯೋ ಕಡಿಮೆಯಾಗಿ ಹತ್ತು ವರ್ಷ ಆಗಿತ್ತು, ಅಂಗಡಿ ಮಾತ್ರ ದಿನಾ ತೆರೆಯುತ್ತಿದ್ದ. ಗುರುವಾರ, ಶುಕ್ರವಾರ ಅಂಗಡಿ ಮುಚ್ಚಿ ಮಾಸ್ಕ್ವಿಚ್ಚಿನ ಕೆಳಗೆ ಮಲಗಿದ. ಪ್ಲಗ್ಗುಗಳನ್ನು ಉಜ್ಜಿದ. ಕಾರ್ಬೊರೇಟರನ್ನು ಸನೋಬರಳ ಪಲಾವಿನ ಪಾತ್ರೆಯಲ್ಲಿ ಹಾಕಿ ಕುದಿಸಿದ. ಅದಕ್ಕೆ ಆಗಬೇಕಾದ ಮಾತುಕತೆ ಆಯಿತು. ಕೀಲಿ ಮಾತ್ರ ಸಿಗಲಿಲ್ಲ. ಹದಿನೇಳು ವರ್ಷದ ಹಿಂದೆ "ಜೋಪಾನವಾಗಿ" ಎಲ್ಲೋ ಇಟ್ಟದ್ದು, ಅಷ್ಟು ಜೋಪಾನವಾಗಿತ್ತು.

ಕೊನೆಗೆ ಕೀಲಿಯ ತೂತಿನ ಹಿಂದಿನ ತಂತಿಗಳನ್ನೆಲ್ಲ ಎಳೆದು, ಹಳೇ ರೇಡಿಯೋದ ಒಂದು ಗುಂಡಿಯನ್ನು ಜೋಡಿಸಿದ. ಅದನ್ನು ಎಡಕ್ಕೆ ಮೆಲ್ಲಗೆ ತಿರುಗಿಸಬೇಕು, ಸ್ಟೇಷನ್ ಹುಡುಕುವ ಹಾಗೆ. ಒಂದು ಕಡೆ ಬೆರಳಿಗೆ ಸಣ್ಣ ನಡುಕ ಸಿಗುತ್ತದೆ. ಅಲ್ಲಿ ನಿಲ್ಲಿಸಿ, ಬಲ ಮೊಣಕಾಲಿನಿಂದ ಒಂದು ತಂತಿಯನ್ನು ಒತ್ತಬೇಕು. ಯಾವ ತಂತಿ ಎಂದು ಅವನ ಮೊಣಕಾಲಿಗೆ ಮಾತ್ರ ಗೊತ್ತು.

"ಇದನ್ನ ನಿಮ್ಮನ್ನ ಬಿಟ್ಟು ಇನ್ಯಾರು ಓಡಿಸ್ತಾರೆ?" ಎಂದು ಸನೋಬರ್ ಕೇಳಿದಳು.

"ಯಾರಿಂದಲೂ ಆಗಲ್ಲ," ಎಂದ ಎರ್ಗಶ್, ಹೆಮ್ಮೆಯಿಂದ.

ಅವಳು "ಹೂಂ" ಎಂದು ರಿಬ್ಬನ್ ಕತ್ತರಿಸಿದಳು.

ಶನಿವಾರ ಬೆಳಿಗ್ಗೆ ಏಳಕ್ಕೆ ಅವನು ಬಾನೆಟ್ ಎತ್ತಿ ಒಳಗೆ ತಲೆ ಹಾಕಿದ್ದ, ಅಷ್ಟೆ. ಹಿಂದಿನಿಂದ ಕೆಮ್ಮು ಕೇಳಿಸಿತು. ಕೇರಿಯವರೆಲ್ಲ ಓತಾ, ಅಂದರೆ ಅಜ್ಜ, ಎಂದು ಕರೆಯುವ ಹಿರಿಯ ಸಮದ್ ಓತಾ, ಮೂವತ್ತು ವರ್ಷ ಬಸ್ಸು ಓಡಿಸಿದವರು, ಕೋಲೂರಿಕೊಂಡು ನಿಂತಿದ್ದರು.

"ಒಬ್ಬನೇ ಮಾಡ್ತಿದ್ದೀಯಾ? ನಾವೇನು ಸತ್ತು ಹೋಗಿದ್ವಾ?"

"ನಿಮಗೆಲ್ಲ ಯಾಕೆ ತೊಂದರೆ ಓತಾ, ಇನ್ನು ಸ್ವಲ್ಪಾನೇ ಇರೋದು."

"ಕೇರಿಯ ಮೊಮ್ಮಗನ ತೊಟ್ಟಿಲು ಹೋಗ್ತಿದೆ, ತೊಂದರೆಯಂತೆ," ಎಂದು ಓತಾ ಗೇಟಿನ ಕಡೆ ತಿರುಗಿ ಕೂಗಿದರು: "ಒಳಗೆ ಬನ್ರೋ."

ಒಂಬತ್ತು ಜನ ಒಳಗೆ ಬಂದರು. ಒಂದು ಮನೆಯ ಕೆಲಸಕ್ಕೆ ಕೇರಿಯೆಲ್ಲ ಕೈ ಹಾಕುವುದು ನಮ್ಮಲ್ಲಿ ರೂಢಿ. ಬೇಡ ಅನ್ನುವ ಹಾಗಿಲ್ಲ. ಬಂದವರಿಗೆ ಚಹಾ ಕೊಡದೆ ಕೆಲಸ ಹೇಳುವ ಹಾಗೂ ಇಲ್ಲ. ಚಹಾ ಎಂದರೆ ರೊಟ್ಟಿ, ರೊಟ್ಟಿ ಎಂದರೆ ಕೆನೆ, ಕೆನೆ ಎಂದರೆ ಕಲ್ಲಂಗಡಿ. ಹತ್ತೂವರೆಗೆ ಎಲ್ಲರೂ ಕೈ ತೊಳೆದುಕೊಂಡು ದೇವರನ್ನು ನೆನೆದು ಎದ್ದಾಗ ಕೆಲಸ ಇನ್ನೂ ಬೆಳಗಿನ ಏಳು ಗಂಟೆಯ ಜಾಗದಲ್ಲೇ ಇತ್ತು. ಎರಡಕ್ಕೆ ಹೊರಡಬೇಕು.

ಮೊದಲು ಬಳ್ಳಿ. ಪಕ್ಕದ ಮನೆಯ ಕುಂಬಾರ ಹಾಶಿಮ್ ಕತ್ತರಿ ತಂದ.

"ಕತ್ತರಿ ಮುಟ್ಟಿದ್ರೆ ನೋಡು," ಎಂದಳು ಸನೋಬರ್. "ಇನ್ನು ಹದಿನೈದು ದಿನಕ್ಕೆ ಹಣ್ಣಾಗುತ್ತೆ."

"ಅಕ್ಕಾ, ಇಂಜಿನ್ನಿನಲ್ಲಿ ದ್ರಾಕ್ಷಿ ಇಟ್ಕೊಂಡು ಕೋಕಂದಿಗೆ ಹೋಗೋಕಾಗುತ್ತಾ?"

ಸಮದ್ ಓತಾ ಕತ್ತರಿ ಕಸಿದುಕೊಂಡು ಪಕ್ಕಕ್ಕಿಟ್ಟರು. ಬಾನೆಟ್ಟಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಒಂದೊಂದೇ ಕುಡಿಯನ್ನು ಬಿಡಿಸತೊಡಗಿದರು. ಮಗಳ ಜಡೆಯ ಸಿಕ್ಕು ಬಿಡಿಸುವ ಹಾಗೆ. ಮುಕ್ಕಾಲು ಗಂಟೆ ಹಿಡಿಯಿತು. ಗೊಂಚಲಿನ ಒಂದು ಕಾಯಿಯೂ ಉದುರಲಿಲ್ಲ. ಎಂಬತ್ತರ ಬೆರಳುಗಳು ನಡುಗುವುದನ್ನು ಎಲ್ಲರೂ ನೋಡಿದರು, ಯಾರೂ ಅವಸರ ಮಾಡಲಿಲ್ಲ.

ಬಲಗಡೆಯ ಹೆಡ್‌ಲೈಟ್ ಇರಲೇ ಇಲ್ಲ, ತೂತು ಮಾತ್ರ ಇತ್ತು. ಹಾಶಿಮ್ ಅದರೊಳಗೆ ಇಣುಕಿ ನೋಡಿ ಮನೆಗೆ ಹೋದ. ಬರುವಾಗ ಕೈಯಲ್ಲಿ ಆಕಾಶನೀಲಿ ಮೆರುಗಿನ ಒಂದು ಬಟ್ಟಲು. ಅದನ್ನು ತೂತಿಗಿಟ್ಟು ಒತ್ತಿದ. ಅಳತೆ ತೆಗೆದು ಮಾಡಿದ ಹಾಗೆ ಕೂತಿತು.

"ಇದು ಬೆಳಕು ಕೊಡುತ್ತೇನೋ?" ಎಂದರು ಓತಾ.

"ಹಗಲಲ್ಲಿ ಹೋಗೋ ಕಾರಿಗೆ ಬೆಳಕ್ಯಾಕೆ ಓತಾ? ಚೆನ್ನಾಗಿ ಕಾಣ್ಲಿ."

ಮಾಸ್ಕ್ವಿಚ್ ಈಗ ಒಂದು ಗಾಜಿನ ಕಣ್ಣು, ಒಂದು ನೀಲಿ ಕಣ್ಣು ಬಿಟ್ಟುಕೊಂಡು, ಕನ್ನಡಕ ಮುರಿದ ಮೇಷ್ಟರ ಹಾಗೆ ನೋಡುತ್ತಿತ್ತು.

ಬ್ಯಾಟರಿ ಸತ್ತಿತ್ತು. ಹಾಶಿಮ್ ಹೋಗಿ, ತಟ್ಟೆ ಬಟ್ಟಲು ಸಾಗಿಸುವ ತನ್ನ ಸಣ್ಣ ಗಾಡಿಯ ಬ್ಯಾಟರಿ ಕಳಚಿ ತಂದ. "ಇವತ್ತು ನನಗೆ ಕೆಲಸ ಇಲ್ಲ" ಎಂದ. ಅವನ ಗಾಡಿಯಲ್ಲಿ ಬಜಾರಿಗೆ ಹೋಗಬೇಕಾದ ಬುಟ್ಟಿಗಳು ತುಂಬಿದ್ದುದನ್ನು ಗೇಟಿನಿಂದಲೇ ಎಲ್ಲರೂ ನೋಡಿದ್ದರು.

ಒಂದೂವರೆಗೆ ಎರ್ಗಶ್ ಒಳಗೆ ಕೂತ. ಕೋಳಿಯನ್ನೂ ಮೊಟ್ಟೆಗಳನ್ನೂ ಬುಟ್ಟಿಗೆ ವರ್ಗಾಯಿಸಲಾಗಿತ್ತು. ಅದು ಮನೆ ಕಳೆದುಕೊಂಡ ಬಾಡಿಗೆದಾರಳ ಹಾಗೆ ಎಲ್ಲರನ್ನೂ ದುರುಗುಟ್ಟಿ ನೋಡುತ್ತಿತ್ತು. ಅವನು ಗುಂಡಿ ತಿರುಗಿಸಿದ. ನಡುಕ ಸಿಕ್ಕಿತು. ಮೊಣಕಾಲು ಒತ್ತಿದ. ಕಾರು ಒಮ್ಮೆ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ಆಮೇಲೆ ಹದಿನೇಳು ವರ್ಷದ ಧೂಳನ್ನೆಲ್ಲ ಓತಾ ಅವರ ಬಿಳಿ ಗಡ್ಡದ ಮೇಲೆ ಉಗುಳಿ ಗುರುಗುಟ್ಟತೊಡಗಿತು. ಓತಾ ಗಡ್ಡ ಒರೆಸಿಕೊಳ್ಳಲೂ ಇಲ್ಲ. "ಗಂಟಲು ಸರಿಯಾಗಿದೆ," ಎಂದರು.

ಆಗ ಎದುರು ಮನೆಯ ರೋಬಿಯಾ ಖೋಲಾ, ಕೇರಿಗೆಲ್ಲ ಚಿಕ್ಕಮ್ಮ, ಬಂದಳು. ಕೈಯಲ್ಲಿ ಬಾಣಲೆ, ಬಾಣಲೆಯಲ್ಲಿ ಕೆಂಡ, ಕೆಂಡದ ಮೇಲೆ ದೃಷ್ಟಿ ತೆಗೆಯುವ ಸೊಪ್ಪಿನ ಹೊಗೆ.

"ಇಷ್ಟು ಜನರ ಕಣ್ಣು ಬಿದ್ದಿದೆ, ಒಂದು ಸುತ್ತು ಹೊಗೆ ಕಾಣಿಸಿಬಿಡ್ತೀನಿ."

"ಖೋಲಾ, ಅಲ್ಲಿ ಪೆಟ್ರೋಲ್ ಸೋರ್ತಿದೆ," ಎಂದ ಎರ್ಗಶ್.

"ಸೋರ್ಲಿ ಬಿಡಪ್ಪ, ಹೊಗೆ ಅದಕ್ಕೂ ಒಳ್ಳೇದು."

ಬಂದಿದ್ದ ಗಂಡಸರೆಲ್ಲ ಒಂದೇ ಹಾರಿಗೆ ಗೇಟಿನಾಚೆ ಹೋದರು. ಕೋಲೂರಿ ನಡೆಯುವ ಸಮದ್ ಓತಾ ಎಲ್ಲರಿಗಿಂತ ಮುಂದಿದ್ದರು. ಸನೋಬರ್ ಮಾತ್ರ ಓಡಲಿಲ್ಲ. ಖೋಲಾಳ ಸೊಂಟಕ್ಕೆ ಕೈ ಹಾಕಿ, "ಬನ್ನಿ ಖೋಲಾ, ಮೊದಲು ತೊಟ್ಟಿಲಿಗೆ ಕಾಣಿಸೋಣ" ಎಂದು ವರಾಂಡಕ್ಕೆ ಕರೆದುಕೊಂಡು ಹೋದಳು. ಖೋಲಾಳಿಗೂ ಸಮಾಧಾನ, ಕಾರಿಗೂ ಜೀವ ಉಳಿಯಿತು.

ಕೆಂಪು ಹೂವಿನ ಚಿತ್ತಾರದ ತೊಟ್ಟಿಲು ಕಾರಿನ ತಲೆಯ ಮೇಲೇರಿತು. ಹಾಸಿಗೆ, ಗಂಟು, ತಟ್ಟೆಗಳು ಡಿಕ್ಕಿಗೂ ಹಿಂದಿನ ಸೀಟಿಗೂ ತುಂಬಿದವು. ಕಡೆಗೆ ಒಂದೇ ತೊಂದರೆ ಉಳಿಯಿತು. ಬಾನೆಟ್ಟಿನ ಕೊಂಡಿ ತುಕ್ಕು ಹಿಡಿದು ಮುರಿದಿತ್ತು. ಎಷ್ಟು ಸಲ ಒತ್ತಿದರೂ ಆಕಳಿಸಿದ ಹಾಗೆ ಮೆಲ್ಲಗೆ ಬಾಯಿ ತೆರೆಯುತ್ತಿತ್ತು.

"ಒಂದು ಹಗ್ಗ ತನ್ನಿ ಅಕ್ಕಾ," ಎಂದ ಹಾಶಿಮ್.

"ಇದ್ದ ಹಗ್ಗವೆಲ್ಲ ತೊಟ್ಟಿಲಿಗೆ ಹೋಯ್ತು," ಎಂದಳು ಸನೋಬರ್. ಒಳಗೆ ಹೋಗಿ ಉಳಿದಿದ್ದ ಕೆಂಪು ರಿಬ್ಬನ್ ಸುರುಳಿ ತಂದಳು. ಮೂತಿಯ ಜಾಲರಿಯಿಂದ ಬಾನೆಟ್ಟಿನ ಸುತ್ತ ನಾಲ್ಕು ಸಲ ಸುತ್ತಿ, ನಡುವೆ ದೊಡ್ಡ ಹೂವಿನ ಗಂಟು ಹಾಕಿದಳು. ಗಟ್ಟಿಯಾಗಿಯೇ ಕಟ್ಟಿದ್ದಳು. ಎರ್ಗಶ್ ಆ ಹೊತ್ತಿಗೆ ಒಳಗೆ ಕೂತು ಮೊಣಕಾಲು ಸರಿಮಾಡಿಕೊಳ್ಳುತ್ತಿದ್ದ, ಗಂಟನ್ನು ನೋಡಲಿಲ್ಲ.

ಪ್ರಯಾಣ ಹೊರಟವರ ಬೆನ್ನಿಗೆ ನೀರು ಚೆಲ್ಲಬೇಕಲ್ಲ, ರೋಬಿಯಾ ಖೋಲಾ ತಂಬಿಗೆ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಆದರೆ ಅಂಗಳದಿಂದ ಕಾರು ಹಿಂದುಹಿಂದಾಗಿ ಬರುತ್ತಿತ್ತು. ಯಾವುದು ಬೆನ್ನು, ಯಾವುದು ಮುಖ ಎಂದು ಅವಳಿಗೆ ಒಂದು ಕ್ಷಣ ಗೊಂದಲವಾಯಿತು. ಕಡೆಗೆ ಎರಡೂ ಕಡೆ ಅರ್ಧರ್ಧ ಚೆಲ್ಲಿದಳು. ಮೊದಲರ್ಧ ಹಿಂದಿನ ಗಾಜಿಗೆ, ಉಳಿದರ್ಧ ಎರ್ಗಶನ ಕಿವಿಗೆ.

"ನೀರಿನ ಹಾಗೆ ಹೋಗಿ, ನೀರಿನ ಹಾಗೆ ಬನ್ನಿ," ಎಂದು ಕೂಗಿದಳು. ಕೇರಿಯೆಲ್ಲ ದೇವರನ್ನು ನೆನೆದು ಅಂಗೈಯೆತ್ತಿ ಮುಖ ಸವರಿಕೊಂಡಿತು.

ದಾರಿಯಲ್ಲಿ ಸನೋಬರ್ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದಳು. ಸೀಟಿನ ಸ್ಪ್ರಿಂಗು ಚುಚ್ಚದಿರಲೆಂದು ಯಾರೋ ಒಂದು ಹೊಸ ದಿಂಬು ಹಾಕಿದ್ದರು. ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಎರಡೂ ಬದಿ ಹತ್ತಿ ಹೊಲ, ಹಿಪ್ಪುನೇರಳೆ ಮರದ ಸಾಲು. ಸೈಕಲ್ಲಿನಲ್ಲಿ ರೊಟ್ಟಿ ಮಾರುವವನೊಬ್ಬ ಇವರನ್ನು ದಾಟಿ ಮುಂದೆ ಹೋಗಿ, ತಿರುಗಿ ನೋಡಿ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಹಿಂದೆ ಒಂದು ಲಾರಿ ಮೂರು ಮೈಲಿ ಹಾರ್ನು ಹೊಡೆಯದೆ ನಿಧಾನವಾಗಿ ಬಂತು, ತೊಟ್ಟಿಲು ಕಂಡಿರಬೇಕು.

"ಸ್ವಲ್ಪ ನಿಧಾನ ಹೋಗಿ ಲೋಲಾ ಅಪ್ಪಾ," ಎಂದಳು.

"ಇದಕ್ಕಿಂತ ನಿಧಾನ ಹೋದ್ರೆ ನಿಂತೇಬಿಡುತ್ತೆ. ಭಯ ಆಗ್ತಿದೆಯಾ?"

"ಭಯ ಅಲ್ಲ. ಚೆನ್ನಾಗಿದೆ, ಅದಕ್ಕೆ."

ಎರ್ಗಶ್ ರಸ್ತೆಯನ್ನೇ ನೋಡುತ್ತ ಓಡಿಸಿದ. ಕಣ್ಣಿಗೆ ಧೂಳು ಬಿದ್ದಿತ್ತು.

ಬೀಗರ ಬೀದಿಯಲ್ಲಿ ಉದ್ದ ಕಹಳೆಗಳು ಊದಿದವು. ಇನ್ನೂರು ಜನ ಸೇರಿದ್ದರು. ಕಾರು ಗೇಟಿಗೆ ಅಡ್ಡವಾಗಿ ನಿಂತು, ಕಡೆಯ ಬಾರಿ ಸೀನಿ, ಸುಮ್ಮನಾಯಿತು. ಬೀಗಿತ್ತಿ ಓಡಿಬಂದು ಬಾಗಿಲು ತೆಗೆದಳು. ಸನೋಬರ್ ಮುಂದಿನ ಸೀಟಿನಿಂದ ಇಳಿದಳು, ಹಣೆಯಲ್ಲಿ ಒಂದು ಹನಿ ಬೆವರಿಲ್ಲ. ಎರ್ಗಶ್ ಅದನ್ನು ಕಣ್ತುಂಬ ನೋಡಿದ. ಇಳಿದವಳು ಸಾಲಿನಲ್ಲಿ ಮೊದಲು ನಿಂತಿದ್ದ ಬೊಚ್ಚುಬಾಯಿಯ ಮುದುಕಿಯನ್ನು ತಬ್ಬಿಕೊಂಡು ಕಿವಿಯಲ್ಲಿ ಏನೋ ಹೇಳಿದಳು. ಮಗು ಎಲ್ಲಿ ಎಂದು ಕೇಳುತ್ತಿರಬೇಕು ಅಂದುಕೊಂಡ.

ಆ ಮುದುಕಿಯೇ ತವರಿನ ಉಡುಗೊರೆಗಳನ್ನು ನೆಂಟರ ಮುಂದೆ ಒಂದೊಂದಾಗಿ ಎತ್ತಿ ತೋರಿಸಿ ಸಾರುವವಳು. ತೊಟ್ಟಿಲು ಇಳಿಯಿತು, ಅವಳ ಗಂಟಲು ಏರಿತು.

"ನೋಡ್ರಮ್ಮ ನೋಡಿ, ತಾಯಿಯ ತವರಿನಿಂದ ಬಂದ ತೊಟ್ಟಿಲು. ಆರು ಹಾಸಿಗೆ. ಹನ್ನೆರಡು ಜೊತೆ ಬಟ್ಟೆ. ಏಳು ತಟ್ಟೆ ಮಿಠಾಯಿ, ಒಂದು ಚೀಲ ಏಪ್ರಿಕಾಟ್." ಒಂದೊಂದಕ್ಕೂ ಕೆಂಪು ರಿಬ್ಬನ್, ಒಂದೊಂದಕ್ಕೂ ಹೆಂಗಸರ "ಆಹಾ". ಎಲ್ಲ ಮುಗಿಯಿತು ಅನ್ನುವಾಗ ಅವಳು ನೇರ ಗೇಟಿಗೆ ನಡೆದು, ಮಾಸ್ಕ್ವಿಚ್ಚಿನ ಬಾನೆಟ್ಟಿನ ಮೇಲೆ, ಹೂವಿನ ಗಂಟಿನ ಪಕ್ಕದಲ್ಲಿ, ಅಂಗೈ ಬಡಿದಳು.

"ಮತ್ತೆ ಇದು, ರಿಶ್ತಾನಿನ ಅಜ್ಜ ಮೊಮ್ಮಗನಿಗೆ ಕೊಟ್ಟ ಕಾರು."

ಕಹಳೆಯವನು ಅರ್ಧ ಊದಿ ನಿಲ್ಲಿಸಿದ. ಇನ್ನೂರು ಮುಖಗಳು ರಿಬ್ಬನ್ ನೋಡಿದವು, ನೀಲಿ ಬಟ್ಟಲಿನ ಕಣ್ಣು ನೋಡಿದವು, ಎರ್ಗಶನನ್ನು ನೋಡಿದವು. ಎರ್ಗಶನೂ ಆಗಲೇ ಮೊದಲ ಬಾರಿ ಆ ಗಂಟನ್ನು ನೋಡಿದ್ದು.

"ಅಲ್ಲ, ಅದು ಬಾನೆಟ್..." ಎಂದ.

ಅಷ್ಟರಲ್ಲಿ ಸಾದಿಕ್ ಅವನನ್ನು ಅಪ್ಪಿಕೊಂಡಿದ್ದ. ಸಾದಿಕನ ಮುಖವೂ ಬಿಳಿಚಿತ್ತು. ತವರಿನ ಉಡುಗೊರೆಯನ್ನು ಬೇಡ ಅನ್ನುವ ಹಾಗಿಲ್ಲ. ಅಂಥದ್ದು ಅಂಗಳದಲ್ಲಿ ಬಂದು ನಿಂತರೂ ಸರಿ. "ಇಷ್ಟೆಲ್ಲ ಯಾಕೆ ಮಾಡಿದ್ರಿ ಕುದಾ," ಎಂದ ಅವನು. ಇಡೀ ಮನಸ್ಸಿನಿಂದ ಹೇಳಿದ್ದ.

ಎರ್ಗಶನ ನಾಲಿಗೆ ಮತ್ತೆ ಅವನನ್ನು ಕೇಳದೆ ಹೊರಟಿತು. "ಅಯ್ಯೋ, ಅದರಲ್ಲೇನಿದೆ ಕುದಾ. ನಮ್ಮ ಮಗೂಗೆ ತಾನೇ."

ಕಹಳೆ ಪೂರ್ತಿ ಊದಿತು.

ಕತ್ತಲಾಗುವ ಮುಂಚೆ ಹೊರಟರು. ತುಂಬಿ ಬಂದ ತಟ್ಟೆಯನ್ನು ಬರಿದಾಗಿ ಕಳಿಸುವುದು ಎಲ್ಲೂ ಇಲ್ಲ. ಕಾರು ಕೊಟ್ಟವರಿಗೆ ಬರೀ ರೊಟ್ಟಿ ಕೊಟ್ಟರೆ ಆಗುತ್ತದೆಯೇ? ಸಾದಿಕ್ ಒಂದು ಕೊಬ್ಬಿದ ಟಗರನ್ನು ತಂದು ಹಗ್ಗವನ್ನು ಎರ್ಗಶನ ಕೈಗೆ ಕೊಟ್ಟ. ಹೀಗೆ ಶೇರ್ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಒಂದು ಕಡೆ ಎರ್ಗಶ್, ಒಂದು ಕಡೆ ಸನೋಬರ್, ನಡುವೆ ಟಗರು. ಮೊಣಕೈಗಳು ಅದರವು.

ಅರ್ಧ ದಾರಿಯಲ್ಲಿ ಫೋನು ಬಂತು. ಸಾದಿಕ್.

"ಕುದಾ, ಕಾರು ಗೇಟಿಗೆ ಅಡ್ಡ ಇತ್ತಲ್ಲ, ಹತ್ತು ಜನ ಸೇರಿ ತಳ್ಳಿ ಒಳಗಿಟ್ವಿ. ಇದನ್ನ ಸ್ಟಾರ್ಟ್ ಮಾಡೋದು ಹೇಗೆ? ಗುಂಡಿ ತಿರುಗಿಸಿ ತಿರುಗಿಸಿ ಬೆರಳು ನೋಯ್ತಿದೆ."

"ಸ್ವಲ್ಪ ಎಡಕ್ಕೆ ಕುದಾ, ನಡುಕ ಸಿಕ್ಕಿದ ಕಡೆ ನಿಲ್ಲಿಸಿ, ಮೊಣಕಾಲಲ್ಲಿ ತಂತಿ..."

"ಯಾವ ತಂತಿ?"

ಎರ್ಗಶ್ ಮೊಣಕಾಲು ನೋಡಿಕೊಂಡ. "ಅದು ಹೇಳೋಕೆ ಬರಲ್ಲ."

"ಹಾಗಾದ್ರೆ ಒಂದು ಕೆಲಸ ಮಾಡಿ. ಭಾನುವಾರ ಭಾನುವಾರ ನಾವು ಬಜಾರಿಗೆ ಹೋಗ್ಬೇಕು. ನೆಂಟರೆಲ್ಲ ನೋಡಿದ್ದಾರೆ, ಓಡಿಸದಿದ್ರೆ ನಿಮಗೆ ಅವಮಾನ ಮಾಡಿದ ಹಾಗೆ. ನೀವೇ ಬಂದು ಸ್ಟಾರ್ಟ್ ಮಾಡಿಕೊಡಿ. ಲೋಲಾ ಅಮ್ಮನ್ನೂ ಕರ್ಕೊಂಡು ಬನ್ನಿ, ನಾವು ಬಜಾರಿಗೆ ಹೋಗಿ ಬರೋವರೆಗೂ ಮಗೂನ ನೋಡ್ಕೊಂಡು ಇರ್ತಾರೆ."

ಎರ್ಗಶ್ ಫೋನು ಜೇಬಿಗಿಟ್ಟ. ಟಗರಿನ ಕಿವಿಯ ಮೇಲಿಂದ ಹೆಂಡತಿಯ ಕಡೆ ನೋಡಿದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

"ಆ ಮುದುಕಿ ಕಿವೀಲಿ ಏನಂದೆ?"

ಅವಳು ಇತ್ತ ತಿರುಗಿದಳು. ಟಗರಿನ ಕತ್ತು ಸವರಿದಳು.

"ಕಾರು ನಮ್ಮ ಅಂಗಳದಲ್ಲಿ ನಿಂತ್ರೆ ನಾವೆಲ್ಲಿಗೆ ಹೋಗ್ತೀವಿ ಲೋಲಾ ಅಪ್ಪಾ? ಆ ಅಂಗಳದಲ್ಲಿ ನಿಂತ್ರೆ ವಾರಕ್ಕೊಂದ್ಸಲ ಹೋಗ್ತೀವಿ." ಆಮೇಲೆ ಮೆಲ್ಲಗೆ ಸೇರಿಸಿದಳು: "ಮಗು ನನ್ನ ಬೆರಳು ಹಿಡ್ಕೊಂಡು ಬಿಡಲೇ ಇಲ್ಲ."

ಎರ್ಗಶನಿಗೆ ಸಿಟ್ಟು ಬರಬೇಕಾಗಿತ್ತು. ಬರುತ್ತದೇನೋ ಎಂದು ರಿಶ್ತಾನಿನ ತನಕ ಕಾದ, ಬರಲಿಲ್ಲ.

ಕೇರಿಯವರೆಲ್ಲ ಗೇಟಿನ ಮುಂದೆ ಬೆಂಚು ಹಾಕಿಕೊಂಡು ಮಾಸ್ಕ್ವಿಚ್ಚಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದರು. ಟ್ಯಾಕ್ಸಿ ನಿಂತಿತು. ಮೊದಲು ಟಗರು ಇಳಿಯಿತು.

ಸಮದ್ ಓತಾ ಅದನ್ನು ಬಹಳ ಹೊತ್ತು ನೋಡಿದರು. "ಹೋಗ್ತಾ ನಾಲ್ಕು ಚಕ್ರ ಇತ್ತು," ಎಂದರು.

ನಡೆದದ್ದನ್ನೆಲ್ಲ ಎರ್ಗಶ್ ಹೇಳಿದ. ಹಾಶಿಮ್ ತನ್ನ ಬ್ಯಾಟರಿಯ ಮಾತನ್ನು ಎತ್ತಲೇ ಇಲ್ಲ, "ನೀಲಿ ಬಟ್ಟಲು ಅವರಿಗೆ ಇಷ್ಟ ಆಯ್ತಾ ಅಣ್ಣಾ?" ಎಂದಷ್ಟೇ ಕೇಳಿದ.

ಟಗರನ್ನು ಚಪ್ಪರದ ಕೆಳಗೆ, ಕಾರು ನಿಂತಿದ್ದ ಜಾಗದಲ್ಲೇ ಕಟ್ಟಿದರು. ಕೋಳಿ ಬುಟ್ಟಿಯಿಂದ ಇಳಿದು ಬಂದು, ತನ್ನ ಸೀಟು ಹುಡುಕಿ ಎರಡು ಸುತ್ತು ಹಾಕಿ, ಕಡೆಗೆ ಟಗರಿನ ಬೆನ್ನ ಮೇಲೆ ಹತ್ತಿ ಕೂತಿತು.

ಸನೋಬರ್ ವರಾಂಡದಲ್ಲಿ ಉಳಿದ ಕೆಂಪು ರಿಬ್ಬನ್ ಬಿಚ್ಚಿ, ಮೊಣಕೈಯಿಂದ ಬೆರಳಿನ ತನಕ ಅಳೆದು, ನೀಟಾಗಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಇನ್ನೊಂದು ಗಂಟಿಗೆ ಸಾಕಾಗುವಷ್ಟು ಉಳಿದಿತ್ತು.

ಎರ್ಗಶ್ ಅದನ್ನು ನೋಡಿದ. ಎದ್ದು ಅಂಗಡಿಗೆ ಹೋಗಿ, ಕಿಟಕಿಯಲ್ಲಿದ್ದ ತನ್ನ ಹಳೇ ರೇಡಿಯೋವನ್ನು ಎತ್ತಿ, ರಿಬ್ಬನ್ನಿಗೆ ಸಿಗದ ಹಾಗೆ ಒಳಗಿನ ಬೀರುವಿನಲ್ಲಿಟ್ಟು, ಬಾಗಿಲು ಹಾಕಿಕೊಂಡು ಬಂದ.